ಕ್ಯಾಮರಾಕ್ಕೆ ಕುಂಕುಮ

ಕೋಥರೂಡದ ಸುಲಭಾ ಭಜನೆಗೆ ಹೋಗುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಅತ್ತೆ ವಿಶಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಶನ್ ಆಯಿತು, ಎಲುಬು ಕೂಡಿತು, ಇನ್ನು ನಡೆಯಿರಿ ಎಂದು ಡಾಕ್ಟರೂ ಹೇಳಿದರು. ಆದರೆ ಸೊಸೆ ಕೈ ಹಿಡಿಯದೆ ಅತ್ತೆ ಒಂದು ಹೆಜ್ಜೆಯನ್ನೂ ಇಡಲೊಲ್ಲರು. ಮಂಚದ ಪಕ್ಕದ ವಾಕರ್ ಟವೆಲ್ ಒಣಹಾಕಲು ಉಪಯೋಗವಾಗುತ್ತಿತ್ತು. ಮಾವ ಕೃಷ್ಣಾಜಿ ಮನೆಯಲ್ಲೇ ಇರುತ್ತಾರೆ, ನಿಜ. ಮಧ್ಯಾಹ್ನ ಮಲಗಿದರೆಂದರೆ ಮನೆಯನ್ನೇ ಹೊತ್ತುಕೊಂಡು ಹೋದರೂ ಏಳುವ ಪೈಕಿ ಅಲ್ಲ.

ಗಂಡ ರಾಜೀವ ಒಂದು ಕ್ಯಾಮರಾ ತಂದು ಟಿ.ವಿ. ಪಕ್ಕದಲ್ಲಿಟ್ಟ. "ಎಲ್ಲೇ ಇದ್ರೂ ಫೋನಿನಾಗ ಅವ್ವನ್ನ ನೋಡಬಹುದು. ನೀ ಭಜನಿಗೆ ಹೋಗು."

"ಅತ್ತೀನ್ನ ಒಂದು ಡಬ್ಬಿ ಕೈಯಾಗ ಕೊಟ್ಟು ನಾ ತಾಳ ಬಾರಿಸ್ಲೇನು? ಮಂದಿ ಏನಂದಾರು?" ಸುಲಭಾ ಸಿಡುಕಿದಳು. ಮಂದಿಯ ಮಾತು ಬರೀ ನೆಪ. ಅತ್ತೆ ಮತ್ತೆ ಬಿದ್ದರೆ ಎಂಬ ಹೆದರಿಕೆ ಆಕೆಗೆ.

"ಹೋಗವಾ," ಎಂದರು ವಿಶಾಲಮ್ಮ. "ಇದರಾಗ ನೀ ಇರ್ತಿ ಅಂದಮ್ಯಾಲ ನನಗೇನು?"

ಶುಕ್ರವಾರ ಮಧ್ಯಾಹ್ನ ಹೋದಳು. ಮೊದಲ ಹಾಡು ಮುಗಿದಾಗ ಫೋನು ನೋಡಿದರೆ ಅತ್ತೆ ಮಂಚದ ಮೇಲಿದ್ದರು. ಎರಡನೆಯದು ಮುಗಿದಾಗ ನೋಡಿದರೆ ಪರದೆಯೆಲ್ಲ ಕೆಂಪು! ತಾಳ ಹಿಡಿದ ಕೈಯಲ್ಲೇ ರಿಕ್ಷಾ ನಿಲ್ಲಿಸಿ, "ಲವಕರ ಚಲಾ ಭಾವೂ" ಎಂದು ಮರಾಠಿಯಲ್ಲಿ ಅವಸರಪಡಿಸುತ್ತ ಮನೆಗೆ ಓಡಿದಳು.

ಮಾವನ ಗೊರಕೆ ಬಾಗಿಲಿಗೇ ಕೇಳಿಸಿತು. ಅತ್ತೆ ಮಂಚದ ಮೇಲೆ ಸುಖವಾಗಿ ಕೂತಿದ್ದರು. ಕ್ಯಾಮರಾದ ಕಣ್ಣಿಗೆ ಒದ್ದೆ ಕುಂಕುಮ ಧಾರಾಳವಾಗಿ ಮೆತ್ತಿತ್ತು.

"ಏನ್ರಿ ಅತ್ಯಾ ಇದು!"

"ಶುಕ್ರವಾರ ದಿನ ಮುತ್ತೈದಿ ಮನಿಗೆ ಬಂದು ನನ್ನ ನೋಡ್ಲಿಕತ್ತಾಳ. ಕುಂಕುಮ ಹಚ್ಚದ ಹಂಗ ಕಳಸ್ಲೇನು?"

ಸುಲಭಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ಆಮೇಲೆ ಮಂಚ ನೋಡಿದಳು, ಟಿ.ವಿ. ನೋಡಿದಳು. ನಡುವೆ ಇಡೀ ಹಾಲ್ ಇತ್ತು.

"ಅತ್ಯಾ, ಅಲ್ಲಿ ತನಕ ಹೆಂಗ ಹೋದ್ರಿ? ಯಾರು ಹಿಡಕೊಂಡಿದ್ರು?"

ವಿಶಾಲಮ್ಮ ವಾಕರಿನತ್ತ ನೋಡಿದರು. ಟವೆಲ್ ನೆಲಕ್ಕೆ ಬಿದ್ದಿತ್ತು.

"ಅಯ್ಯ, ನೀ ನೋಡ್ಲಿಕತ್ತಿದ್ದಿ ಅಲ್ಲ... ಹಿಡಕೊಂಡಂಗ ಅನಸ್ತು."

ಸುಲಭಾ ಅಲ್ಲೇ ನೆಲಕ್ಕೆ ಕೂತು, ಅತ್ತೆಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು, ಅಳುತ್ತಲೇ ನಕ್ಕಳು.

ಮುಂದಿನ ಶುಕ್ರವಾರ ಭಜನೆಗೆ ಹೊರಡುವ ಮುಂಚೆ ಆಕೆ ಕ್ಯಾಮರಾವನ್ನು ಟಿ.ವಿ. ಪಕ್ಕದಿಂದ ತೆಗೆದು, ಇನ್ನೂ ದೂರ, ಅಡಿಗೆಮನೆಯ ಬಾಗಿಲ ಹತ್ತಿರ ಇಟ್ಟು ಹೋದಳು.