ಹದಿನಾರನೆಯ ಕೊಳವೆ

ಜನ ನಮ್ಮ ವ್ಯಾನಿಗೆ ಇಟ್ಟ ಹೆಸರು ಜ್ವರದ ಗಾಡಿ. ಒಳಗೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಫ್ರಿಜ್ಜು, ಒಂದು ಗಾಜಿನ ಪೆಟ್ಟಿಗೆ, ಹೊಲಿಗೆ ಯಂತ್ರದಷ್ಟು ದೊಡ್ಡದಾದ ಪರೀಕ್ಷೆಯ ಯಂತ್ರ, ಅದರ ಮುಂದೆ ನಾನು. ಹೊರಗೆ ಡ್ರೈವರ್. ಅವರನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಮಾದರಿ ಯಂತ್ರಕ್ಕೆ ಹೋದ ಹೊತ್ತು, ಫಲಿತಾಂಶ ಬಂದ ಹೊತ್ತು ಎರಡನ್ನೂ ಬಾಗಿಲ ಮೇಲಿನ ಹಲಗೆಯಲ್ಲಿ ಬರೆಯುವುದು ಅವರೇ ಮೈಮೇಲೆ ಎಳೆದುಕೊಂಡ ಕೆಲಸ. ನಿನ್ನೆಗಿಂತ ಎರಡು ನಿಮಿಷ ಕಡಿಮೆಯಾದರೆ ಮನೆಯಲ್ಲಿ ಮೊಮ್ಮಗು ಹುಟ್ಟಿದಷ್ಟು ಸಂಭ್ರಮ. ನಾನು ನಗುತ್ತಿದ್ದೆ. ನಗುತ್ತಲೇ ನನಗೂ ಆ ಚಟ ಅಂಟಿತು.

ಯಂತ್ರದಲ್ಲಿ ಹದಿನಾರು ಕೊಳವೆ. ಹದಿನೈದರಲ್ಲಿ ಜನರ ಗಂಟಲಿನ ಮಾದರಿ, ಹದಿನಾರನೆಯದರಲ್ಲಿ ಬರೀ ನೀರು. ರೋಗಾಣು ಇದ್ದ ಕೊಳವೆಯ ಗೆರೆ ಪರದೆಯ ಮೇಲೆ ಏಳುತ್ತದೆ, ಇಲ್ಲದ್ದು ಮಲಗಿಯೇ ಇರುತ್ತದೆ. ನೀರಿನ ಗೆರೆಯೂ ಎದ್ದರೆ ಎಲ್ಲೋ ನಮ್ಮ ಕೈಯಿಂದಲೇ ರೋಗಾಣು ಸೇರಿಕೊಂಡಿದೆ ಎಂದರ್ಥ, ಆ ಸುತ್ತು ಪೂರ್ತಿ ರದ್ದು. ಅದು ಖಚಿತವಾಗಲು ಐವತ್ತು ನಿಮಿಷ ಕಾಯಬೇಕು. ಮೊದಲ ವಾರ ಕಾದೆ. ನೀರು ಒಂದು ದಿನವೂ ಏಳಲಿಲ್ಲ. ಎರಡನೆಯ ವಾರದಿಂದ ಗೆರೆ ಎದ್ದ ಹಾಗೆಲ್ಲ ನಂಬರು ಕೂಗತೊಡಗಿದೆ. ಮೂವತ್ತೇ ನಿಮಿಷಕ್ಕೆ ರೋಗಿ ಸಾಲಿನಿಂದ ಆಚೆ. ವೈದ್ಯರು ಬೆನ್ನು ತಟ್ಟಿದರು. ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ದಿನ ಮಧ್ಯಾಹ್ನದ ಸಾಲಿನಲ್ಲಿ ಏಳನೆಯವಳು ಒಬ್ಬ ದರ್ಜಿ ಹೆಂಗಸು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಎರಡು ತಿಂಗಳ ಮಗುವನ್ನು ಅತ್ತೆ ಎತ್ತಿಕೊಂಡು ಹಿಂದೆ ನಿಂತಿದ್ದಳು. ದರ್ಜಿಗೆ ಜ್ವರವಿರಲಿಲ್ಲ. ಪಕ್ಕದ ಮನೆಯಲ್ಲಿ ರೋಗ ಬಂದದ್ದಕ್ಕೆ ಪರೀಕ್ಷೆಗೆ ಕರೆಸಿದ್ದರು. ಈ ಗಂಟಲು ಜ್ವರ ದೊಡ್ಡವರನ್ನು ಮಲಗಿಸುತ್ತಿತ್ತು, ಹಸುಗೂಸುಗಳನ್ನು ಉಳಿಸುತ್ತಿರಲಿಲ್ಲ. ಆ ತಿಂಗಳು ಮೂರು ಹೋಗಿದ್ದವು. ಅವಳಿಗೂ ಅದು ಗೊತ್ತಿತ್ತು.

"ನಂಗಿದ್ರೆ ಬೇಗ ಹೇಳ್ಬಿಡಿ ಮೇಡಂ, ಮಗೂನ ಮುಟ್ಟಲ್ಲ," ಎಂದಳು.

ಮೂವತ್ತೊಂದನೆಯ ನಿಮಿಷಕ್ಕೆ ಆರು ಗೆರೆಗಳು ಎದ್ದವು. ಏಳನೆಯದೂ ಅವುಗಳಲ್ಲಿತ್ತು. ನಾನು ಕೂಗಿದೆ, ಗಡಿಯಾರ ಮೈಕಿನಲ್ಲಿ ಓದಿದರು. ಅವಳು ಅತ್ತೆಯ ಕಡೆ ಒಂದು ಹೆಜ್ಜೆ ಇಟ್ಟು, ನಿಂತು, ದೂರದಿಂದಲೇ ಮಗುವನ್ನು ನೋಡಿದಳು. ಆಮೇಲೆ ಉಳಿದ ಐವರ ಜೊತೆ ರಸ್ತೆಯಾಚೆಯ ಶಾಲೆಗೆ ನಡೆದಳು. ಅಲ್ಲಿ ಡೆಸ್ಕುಗಳನ್ನು ಹೊರಗೆ ಹಾಕಿ ರೋಗಿಗಳಿಗೆ ಮಂಚ ಹಾಕಿದ್ದರು. ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ.

ನಲವತ್ತನಾಲ್ಕನೆಯ ನಿಮಿಷಕ್ಕೆ ನೀರಿನ ಗೆರೆ ಎದ್ದಿತು.

ತಪ್ಪು ಎಲ್ಲಿ ಆಯಿತೆಂದು ಹುಡುಕಬೇಕಾಗಿರಲಿಲ್ಲ. ಈ ಸುತ್ತಿಗೆ ಸ್ವಲ್ಪ ಮುಂಚೆ ಯಂತ್ರದ ತಪಾಸಣೆಗೆಂದು ರೋಗಾಣು ತುಂಬಿದ ಸೀಸೆ ತೆರೆದಿದ್ದೆ, ಆಮೇಲೆ ಕೈಗವಸು ಬದಲಿಸದೆ ಸುತ್ತಿನ ಕೊಳವೆಗಳಿಗೆ ಕೈ ಹಾಕಿದ್ದೆ. ಒಂದು ನಿಮಿಷ ಉಳಿಸಿದ್ದೆ.

ಆಗಲೇ ಓಡಿಹೋಗಿ ವೈದ್ಯರಿಗೆ ಹೇಳಿದ್ದರೆ ಆ ಆರೂ ಜನ ಶಾಲೆಯ ವರಾಂಡದಲ್ಲೇ ಸಿಗುತ್ತಿದ್ದರು. ಮಂಚ ಹಂಚುವವರೆಗೆ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದರು. ನಾನು ಓಡಲಿಲ್ಲ. ಎರಡನೇ ಸಲ ಮಾಡಿ ಖಚಿತ ಮಾಡಿಕೊಳ್ಳೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದು ನಾಚಿಕೆ. ಹೊಸ ಕೈಗವಸು ಹಾಕಿ, ಆರೂ ಮಾದರಿಗಳನ್ನೂ ನೀರನ್ನೂ ಹೊಸ ಕೊಳವೆಗಳಲ್ಲಿ ಮತ್ತೆ ಯಂತ್ರಕ್ಕಿಟ್ಟೆ. ಈ ಸಲ ಐವತ್ತು ನಿಮಿಷವೂ ಅಲ್ಲಾಡದೆ ಕೂತೆ.

"ಏನು ಮೇಡಂ, ಈ ಸುತ್ತು ಆಮೆ ನಡಿಗೆ?" ಎಂದು ಗಡಿಯಾರ ಕಿಟಕಿಯಲ್ಲಿ ಇಣುಕಿದರು.

"ಸುಮ್ನಿರಿ ಅಣ್ಣಾ," ಎಂದೆ. ನನ್ನ ದನಿ ಕೇಳಿ ಅವರು ಹಲಗೆಯ ಮೇಲಿನ ಹೊತ್ತನ್ನು ಒರೆಸಿಬಿಟ್ಟರು.

ಆರರಲ್ಲಿ ಎರಡು ಎದ್ದವು. ಏಳನೆಯ ನಂಬರಿನ ಗೆರೆ ಕೊನೆಯವರೆಗೂ ಮಲಗಿತ್ತು. ನೀರೂ ಮಲಗಿತ್ತು.

ವೈದ್ಯರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅವರು ಒಳಗೆ ಹೋಗಿ ಮುಕ್ಕಾಲು ಗಂಟೆ ಆಯ್ತು. ನಾಲ್ಕು ಜನರನ್ನೂ ಬೇರೆ ಕೋಣೆಗೆ ಹಾಕ್ತೀನಿ. ಮನೆಗೆ ಕಳಿಸೋಕಾಗಲ್ಲ. ಅವರಿಗೆ ನೀವೇ ಹೇಳಿ," ಎಂದರು.

ಶಾಲೆಯ ಒಳಗೆ ದರ್ಜಿ ಸುಮ್ಮನೆ ಕೂತಿರಲಿಲ್ಲ. ಪಕ್ಕದ ಮಂಚದ ಮುದುಕಿಯೊಬ್ಬಳು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು. ಅವಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದಳು. ಹೇಗೂ ತನಗೆ ಬಂದಾಗಿದೆ ಎಂಬ ಧೈರ್ಯ. ನಾನು ಬಾಗಿಲಲ್ಲಿ ನಿಂತು ಕರೆದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳ ಮುಖ ಅರಳಿತು. "ಹಾಗಾದ್ರೆ ನಂಗೇನೂ ಇಲ್ಲ! ನಡೀರಿ ಮತ್ತೆ."

"ಆವಾಗ ಇರ್ಲಿಲ್ಲ ಕಣಮ್ಮ. ಈಗ ಗೊತ್ತಿಲ್ಲ."

ಅವಳು ಹಿಂದೆ ತಿರುಗಿ ಮುದುಕಿಯನ್ನು ನೋಡಿದಳು. ತನ್ನ ತೋಳನ್ನು ನೋಡಿಕೊಂಡಳು.

"ಇನ್ನೊಂದ್ಸಲ ಪರೀಕ್ಷೆ ಮಾಡಿ. ನಿಮ್ದು ಬಲು ಬೇಗ ಅಂತಾರಲ್ಲ."

"ಇವತ್ತು ಮಾಡಿದ್ರೆ ಏನೂ ಕಾಣಲ್ಲ. ತಗುಲಿದ್ರೂ ಐದು ದಿನ ಬೇಕು."

"ಅದನ್ನ ಬೇಗ ಮಾಡೋಕಾಗಲ್ವಾ?"

"ಇಲ್ಲ."

ಬೈಯುತ್ತಾಳೆ ಎಂದು ಕಾದೆ. ನಾಲ್ಕು ಜನರ ಮುಂದೆ ನನ್ನ ನೀರಿಳಿಸಿದ್ದರೂ ನಾನು ಎದುರಾಡುತ್ತಿರಲಿಲ್ಲ. ಅವಳು ಬೈಯಲಿಲ್ಲ. ಕುಪ್ಪಸ ಎದೆಯ ಹತ್ತಿರ ಒದ್ದೆಯಾಗಿತ್ತು, ಅದರ ಮೇಲೆ ಸೆರಗು ಎಳೆದುಕೊಂಡಳು.

"ಅವನು ಅಳ್ತಿದ್ದಾನಾ?" ಎಂದು ಕೇಳಿದಳು.

ವ್ಯಾನಿನ ನೆರಳಲ್ಲಿ ಅತ್ತೆ ಅವನನ್ನು ಹೆಗಲು ಬದಲಿಸಿ ಬದಲಿಸಿ ಎತ್ತಿಕೊಂಡು ಓಡಾಡುತ್ತಿದ್ದಳು. ಒಂದು ಗಂಟೆಯಿಂದ ಅವನ ದನಿ ನಿಂತಿರಲಿಲ್ಲ. ಶಾಲೆಗೆ ಬರುವಾಗ ಅವರ ಪಕ್ಕದಲ್ಲೇ ತಲೆ ತಗ್ಗಿಸಿ ದಾಟಿ ಬಂದಿದ್ದೆ.

"ಇಲ್ಲಮ್ಮ, ಮಲಗಿದ್ದಾನೆ," ಎಂದೆ.

ಆ ದಿನ ಅವಳಿಗೆ ನಾನು ಕೊಟ್ಟ ಎರಡನೆಯ ಸುಳ್ಳು ಫಲಿತಾಂಶ ಅದು. ಅದನ್ನೂ ಅವಳು ನಂಬಿದಳು.