ಎರಡು ಕೆಂಪು ಕೊಂಬು

ಎಪ್ಪತ್ತಮೂರನೇ ಇಸವಿ. ಕಾಂಟ್ರಾಕ್ಟರ್ ಬಸವಂತರಾಯನಿಗೆ ಫಿಯಾಟಿನ ಹಾರ್ನ್ ಸಾಲಲಿಲ್ಲವಂತೆ. ಮುಂಬಯಿಯಲ್ಲಿ ಸಯನ್ನಿಂದ ದಾದರ್‌ವರೆಗೆ ಜನ ಅವನಿಗೆ ದಾರಿ ಬಿಡಬೇಕಂತೆ, ಏನು ದೊಡ್ಡ ಮಹಾರಾಜನೋ. ಎರಡು ಕೆಂಪು ಕೊಂಬಿನ ಏರ್ ಹಾರ್ನ್ ತಂದು ನಮ್ಮ ಗ್ಯಾರೇಜಿನಲ್ಲಿ ನನ್ನ ಮುಂದಿಟ್ಟ.

ನನ್ನ ಬಲಗಿವಿ ಹೋಗಿ ವರ್ಷವಾಗಿತ್ತು, ಆ ಮಳೆಗಾಲದಲ್ಲಿ ಎಡಗಿವಿಯೂ ಕೈಕೊಟ್ಟಿತ್ತು. ಗೊತ್ತಿದ್ದದ್ದು ನನ್ನ ಹೆಂಡತಿ ರಜಿಯಾಗೆ ಮಾತ್ರ. ತುಟಿ ನೋಡಿ ಮಾತು ತಿಳಿಯುತ್ತಿದ್ದೆ, ಎಂಜಿನ್ನಿನ ಮೇಲೆ ಕೈಯಿಟ್ಟು ರೋಗ ಹೇಳುತ್ತಿದ್ದೆ. ಮಾಲೀಕ ಖಂಡಪ್ಪನ ತುಟಿ ಮಾತ್ರ ನನಗೆ ದಕ್ಕುತ್ತಿರಲಿಲ್ಲ, ಯಾವಾಗಲೂ ಬಾಯಿ ತುಂಬ ತಂಬಾಕು. ಹೋದ ವರ್ಷ ಕಿವಿ ಮಂದವಾದ ಭೀಮರಾಯನನ್ನು ಅವನು ಒಂದೇ ದಿನದಲ್ಲಿ ಕೆಲಸ ಬಿಡಿಸಿದ್ದ. ‘ಕಿವಿ ಇಲ್ಲದಾವ ಗಾಡಿ ಕೆಳಗ ಹೊಕ್ಕರ ಹೆಣಾನೇ ಹೊರಗ ಬರತೈತಿ’ ಎಂದಿದ್ದ. ಮುಂದಿನ ಸರದಿ ನನ್ನದೇ ಎಂದು ದಿನಾ ಹೆದರಿ ಸಾಯುತ್ತಿದ್ದೆ.

ಕೊಂಬುಗಳನ್ನು ಗ್ರಿಲ್ಲಿನ ಹಿಂದೆ ಬಿಗಿದೆ. ಗಾಳಿ ಊದುವ ಪಂಪಿಗೆ ಪೈಪು, ಬ್ಯಾಟರಿಗೆ ವೈರು. ಬಸವಂತರಾಯ ಹಾರ್ನ್ ಒತ್ತಿದಾಗ ಕೊಂಬಿಗೊಂದು ಅಂಗೈ ಇಟ್ಟೆ. ಎರಡೂ ನಡುಗಿದವು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಿವಿ ಮುಚ್ಚಿಕೊಂಡರು.

‘ಬರೋಬ್ಬರಿ ಐತ್ರಿ ಸಾಹೇಬ್ರ’ ಎಂದೆ.

ಮರುದಿನ ಮುಂಜಾನೆ ಸಯನ್ ಸ್ಟೇಷನ್ ಮುಂದೆ ರಸ್ತೆ ದಾಟುತ್ತಿದ್ದೆ. ಬೆನ್ನಿಗೆ ಬಿಸಿ ಗಾಳಿ ಬಡಿಯಿತು. ತಿರುಗಿದರೆ ಅದೇ ಫಿಯಾಟ್, ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತ್ತು. ಬಸವಂತರಾಯ ನನ್ನನ್ನು ಹತ್ತಿಸಿಕೊಂಡು ನೆಟ್ಟಗೆ ಗ್ಯಾರೇಜಿಗೆ ಬಂದ.

‘ಖಂಡಪ್ಪ, ಈ ಹಾರ್ನ್ ದಗಾ ಐತಿ. ಒಳಗ ನನಗ ಕೇಳತೈತಿ, ಹೊರಗ ಸದ್ದ ಹೋಗವಲ್ದು. ಅಷ್ಟು ಒತ್ತಿದರೂ ಜೋಡಿಸಿದ ಉಸ್ಮಾನನೇ ತಿರುಗಿ ನೋಡಲಿಲ್ಲ’ ಎಂದದ್ದು ಅವನ ತುಟಿಯಲ್ಲಿ ಕಂಡಿತು.

ಖಂಡಪ್ಪ ತಂಬಾಕು ಅಗಿಯುತ್ತ ನನ್ನ ಕಡೆ ನೋಡಿ ಏನೋ ಅಂದ. ತಿಳಿಯಲಿಲ್ಲ. ತಪ್ಪು ನನ್ನ ಕೆಲಸದ್ದಾಗಲಿ, ಕಿವಿಯದ್ದು ಬೇಡ ಎಂದುಕೊಂಡೆ.

‘ವೈರ್ ಸಡಲ ಆಗಿರಬೇಕ್ರಿ, ನೋಡತೀನಿ.’

ಬಾನೆಟ್ ಎತ್ತಿ, ಚೆನ್ನಾಗಿಯೇ ಇದ್ದ ಹಾರ್ನಿನ ವೈರನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ತಿರುಗಿ ಸಿಕ್ಕಿಸಿದರೆ ಮುಗಿಯಿತು, ಇವತ್ತಿನ ಗಂಡಾಂತರ ಕಳೆಯಿತು. ಬಾನೆಟ್ಟಿನ ಪಕ್ಕದಿಂದ ಇಣುಕಿದೆ. ಖಂಡಪ್ಪ ಆಗಲೇ ಗಾಡಿಯ ಒಳಗೆ ಕೂತಿದ್ದ. ಅವನ ಕೈ ಹಾರ್ನಿನ ಮೇಲೆ ಬಲವಾಗಿ ಊರಿತ್ತು.

ಹೆದರಿಕೆಗೆ ಬುದ್ಧಿ ಎಲ್ಲಿಂದ ಬರಬೇಕು? ಹೌಹಾರಿದವನಂತೆ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಜಿಗಿದೆ.

‘ಯಾ ಅಲ್ಲಾ, ಈಗ ಹೆಂಗ ಹೊಡೀತು ನೋಡ್ರಿ’ ಎಂದು ನಕ್ಕೆ.

ಯಾರೂ ನಗಲಿಲ್ಲ. ಹೋಟೆಲಿನವರು ತಮ್ಮ ಪಾಡಿಗೆ ಚಹಾ ಕುಡಿಯುತ್ತಿದ್ದರು. ಬಸವಂತರಾಯ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

ಖಂಡಪ್ಪ ಇಳಿದು ಬಂದ. ಬಾಯಲ್ಲಿದ್ದ ತಂಬಾಕನ್ನೆಲ್ಲ ಉಗುಳಿ, ತುಟಿ ಒರೆಸಿಕೊಂಡ. ನನ್ನ ಮುಖದೆದುರು ನಿಂತು ಒಂದೊಂದೇ ಶಬ್ದ ಬಿಡಿಸಿ ಹೇಳಿದ. ಎಡಗಿವಿಯೂ ಹೋದ ಮೇಲೆ ಮೊದಲ ಸಲ ಅವನ ಮಾತು ನನಗೆ ಪೂರ್ತಿ ತಿಳಿಯಿತು.

‘ಉಸ್ಮಾನ, ವೈರ್ ಇನ್ನೂ ನಿನ್ನ ಕೈಯಾಗ ಐತಿ.’