ಕರಿಬಸಮ್ಮ ಹತ್ತದ ಗಾಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ನನ್ನ ಪಿಕಪ್ ಗಾಡಿಗೆ ಯಾರಾದರೂ ಕೊಂಕು ಹೇಳಿದರೆ ಮುಗಿಯಿತು.

ತ್ಯಾವಣಿಗೆಯಲ್ಲಿ ಭತ್ತದ ನಾಟಿ ಮಾಡುವ ಹೆಂಗಸರು ಹದಿನಾರು ಜನ, ಅವರ ಮುಂದಾಳು ಕರಿಬಸಮ್ಮ. ನಾಟಿ ಕಾಲದಲ್ಲಿ ದಿನಾ ಬೆಳಿಗ್ಗೆ ಭದ್ರಾ ನಾಲೆಯ ಏರಿ ಮೇಲಿನ ದಾರಿಯಲ್ಲಿ ಅವರನ್ನು ಗದ್ದೆಗೆ ಬಿಡುವುದು ನನ್ನ ಕೆಲಸ. ಕರಿಬಸಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೇ ಹತ್ತುವಾಕೆ. ಅನ್ನ ಕೊಡುವ ಗಾಡಿಯನ್ನು ಮೆಟ್ಟಿನಲ್ಲಿ ತುಳಿಯಬಾರದಂತೆ. ನಾನು ನಗುತ್ತಿದ್ದೆ.

ಆ ಮಂಗಳವಾರ, ಏರಿ ಶುರುವಾಗುವಲ್ಲಿ, ಕ್ಯಾಬಿನ್ ಬಡಿದು ನಿಲ್ಲಿಸಿದಳು.

“ಕಲ್ಲೇಶಪ್ಪಾ, ಎಡಗಡೆ ಮುಂದಿನ ಗಾಲಿ ಹತ್ರ ಏನೋ ಕುಟ್ಟತೈತೆ. ಅಂಗಾಲಿಗೆ ಬಡೀತೈತೆ. ಏರಿ ಮೇಲೆ ನಾವ್ ಬರಲ್ಲ.”

“ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನಾಟಿಗೆ ಬರಾಕೆ ಮನಸಿಲ್ಲ ಅಂದ್ರೆ ಹಂಗೇ ಹೇಳವ್ವ!”

ಆಕೆ ಮಾತು ಬೆಳೆಸಲಿಲ್ಲ. ಇಳಿದಳು. ಹಿಂದೆಯೇ ಉಳಿದ ಹದಿನೈದು ಜನವೂ ಗೊಣಗುತ್ತಾ ಇಳಿದರು. ಗದ್ದೆಯವರು ಫೋನಿನಲ್ಲೇ ಬೇರೆ ತಂಡ ಕರೆಸಿಕೊಂಡರು.

ಆಕೆಯ ಬಾಯಿ ಮುಚ್ಚಿಸಬೇಕೆಂದೇ ಗಾಡಿಯನ್ನು ಚನ್ನಗಿರಿಗೆ, ಮೆಕ್ಯಾನಿಕ್ ಪರಶುರಾಮನ ಹತ್ತಿರ ಒಯ್ದೆ. ಏನೂ ಆಗಿಲ್ಲ ಅಂತ ನೋಡಿ ಹೇಳು, ಅಷ್ಟು ಸಾಕು ಅಂದೆ.

ಅವನು ಜಾಕ್ ಏರಿಸಿ, ಎಡಗಡೆಯ ಮುಂದಿನ ಗಾಲಿಯ ಕೆಳಗೆ ಹಾರೆ ಕೊಟ್ಟು ಮೀಟಿದ. ಗಾಲಿ ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಬಿಚ್ಚಿ ನೋಡಿದರೆ, ಗಾಲಿಯನ್ನು ಹಿಡಿದಿಡುವ ಬಾಲ್ ಜಾಯಿಂಟಿನ ಗುಂಡು ಬಟ್ಟಲಿನಿಂದ ಅರ್ಧ ಹೊರಗೆ ಬಂದಿತ್ತು. ಅದು ಕೂರುವ ಆರ್ಮು ಎಂಬ ಕಬ್ಬಿಣದ ತೋಳಿಗೆ ಬೆರಳುದ್ದ ಬಿರುಕು. ಪರಶುರಾಮ ಒಮ್ಮೆ ಎಳೆದ, ಗುಂಡು ಕೈಗೇ ಬಂತು.

“ಅಣ್ಣಾ, ಇದ್ರಾಗೆ ಜನ ಕೂರಿಸ್ಕಂಡಿದ್ಯಾ?”

ಏರಿಯ ಪಕ್ಕದಲ್ಲೇ ತುಂಬಿ ಹರಿಯುವ ನಾಲೆ. ಹಿಂದೆ ಹದಿನಾರು ಹೆಂಗಸರು. ಆ ಗುಂಡು ನಿಂಬೆಹಣ್ಣಿಗಿಂತ ಚಿಕ್ಕದು. ಗ್ರೀಸ್ ಮೆತ್ತಿದ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈಗೆ ತಿಳಿಯದ್ದು ಆಕೆಯ ಅಂಗಾಲಿಗೆ ತಿಳಿದಿತ್ತಲ್ಲ!

ಎಡಗಡೆಯ ಆರ್ಮು, ಅದರ ರಬ್ಬರ್ ಬುಷ್ಷು, ಎರಡೂ ಕಡೆಯ ಬಾಲ್ ಜಾಯಿಂಟು ಹೊಸದು ಹಾಕಿಸುವಷ್ಟರಲ್ಲಿ ಸಂಜೆಯಾಯಿತು. ಅಲ್ಲಿಂದ ನೇರ ಕರಿಬಸಮ್ಮನ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಆಕೆ ಜಗಲಿ ಮೇಲೆ ಸೊಪ್ಪು ಸೋಸುತ್ತಿದ್ದಳು.

“ಅಷ್ಟು ಖಾತ್ರಿಯಾಗಿ ಹೆಂಗೆ ಗೊತ್ತಾತವ್ವ ನಿನಗೆ?”

“ಖಾತ್ರಿ ಎಲ್ಲಿತ್ತಪ್ಪಾ? ಅನುಮಾನ ಅಷ್ಟೆ. ಏನೂ ಆಗಿರ್ಲಿಲ್ಲ ಅಂದಿದ್ರೆ ನಾಳೆಯಿಂದ ಆ ಹೆಂಗಸ್ರು ಯಾರೂ ನನ್ನ ಮಾತು ಕೇಳ್ತಿರ್ಲಿಲ್ಲ.” ಒಂದು ಕಡ್ಡಿ ಮುರಿದು ಆಚೆಗೆಸೆದಳು. “ಬೈಸ್ಕಂಡು ಮನೇಗೆ ಬರಾಕೆ ಆಗ್ತೈತೆ. ನಾಲೆಗೆ ಬಿದ್ರೆ ಬರಾಕಾಗ್ತೈತಾ?”

ಬೈದವನು ನಾನೇ. ಕೂತ್ಕೋ ಅಂತ ಆಕೆ ಎರಡು ಸಲ ಹೇಳಿದರೂ ಆಕೆಯ ಎದುರು ಕೂರಲು ನನ್ನಿಂದಾಗಲಿಲ್ಲ.